ಡ್ಯೂಕ್–ಕ್ಯಾರೊಲಿನಾ ಪಂದ್ಯಕ್ಕೆ ಮುನ್ನ: ಏನನ್ನು ನೋಡಬೇಕು, ಯಾವುದನ್ನು ಬಿಡಬೇಕು

ಜನವರಿ ಮುಗಿಯುತ್ತ ಬಂದಂತೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರತೊಡಗುತ್ತದೆ. ಮಗಳು ಡ್ಯೂಕ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ, ಫೋನ್ ಮಾಡಿದರೆ ಈ ಪಂದ್ಯದ್ದೇ ಮಾತು, ನಮಗೆ ತಲೆಬುಡ ತಿಳಿಯುವುದಿಲ್ಲ. ರಾಲೀ ಹತ್ತಿರ ಕೆಲಸಕ್ಕೆ ಸೇರಿದ್ದೇನೆ, ಕಚೇರಿಯಲ್ಲಿ ಅರ್ಧ ಜನ ಡ್ಯೂಕ್‌ನ ಕಡುನೀಲಿ, ಉಳಿದರ್ಧ ಕ್ಯಾರೊಲಿನಾದ ತಿಳಿನೀಲಿ, ನಾನು ಯಾವ ಮಾತು ಆಡಬೇಕು? ಕ್ರಿಕೆಟ್ ಗೊತ್ತು, ಬಾಸ್ಕೆಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಯಾರು ಗೆಲ್ಲುತ್ತಾರೆಂದು ಮೊದಲೇ ಅಂದಾಜು ಮಾಡುವುದು ಹೇಗೆ?

ಕೊನೆಯ ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು. ಯಾರು ಗೆಲ್ಲುತ್ತಾರೆಂದು ಹೇಳುವುದು ಜ್ಯೋತಿಷಿಯ ಕೆಲಸ. ಪಂದ್ಯ ಯಾವ ಒಂದು ಜಾಗದಲ್ಲಿ ತಿರುಗಬಹುದು ಎಂದು ಮೊದಲೇ ಗುರುತಿಸಿಟ್ಟುಕೊಳ್ಳುವುದು ಅಭಿಮಾನಿಯ ಕೆಲಸ. ಅದನ್ನೇ ಇಲ್ಲಿ ಮುನ್ನೋಟ ಎಂದು ಕರೆಯುತ್ತಿದ್ದೇನೆ. ಅರ್ಧ ದಿನದ ಬಿಡುವಿದ್ದರೆ ಯಾರು ಬೇಕಾದರೂ ಮಾಡಬಹುದು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಡರ್ಹಮ್ ಊರಿನ ಡ್ಯೂಕ್ ಖಾಸಗಿ ವಿಶ್ವವಿದ್ಯಾಲಯ. ಚಾಪೆಲ್ ಹಿಲ್‌ನ ಯು.ಎನ್.ಸಿ. (ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲಿನಾ) ಸರ್ಕಾರಿ ವಿಶ್ವವಿದ್ಯಾಲಯ, ಅಭಿಮಾನಿಗಳ ಬಾಯಲ್ಲಿ ಬರಿಯ ಕ್ಯಾರೊಲಿನಾ. ನಡುವೆ ಹತ್ತು ಮೈಲಿಯ ಆಸುಪಾಸಿನ ದಾರಿ. ಮೊದಲ ಪಂದ್ಯ ನಡೆದದ್ದು 1920ರ ಜನವರಿ 24ರಂದು, ಡ್ಯೂಕ್‌ಗೆ ಇನ್ನೂ ಟ್ರಿನಿಟಿ ಕಾಲೇಜು ಎಂಬ ಹೆಸರಿದ್ದಾಗ. ಅಂದಿನಿಂದ ಇಬ್ಬರದೂ ಎಣ್ಣೆ–ಸೀಗೆಕಾಯಿ ಸಂಬಂಧ. ರಾಷ್ಟ್ರೀಯ ಪ್ರಶಸ್ತಿ ಕ್ಯಾರೊಲಿನಾಕ್ಕೆ ಆರು, ಡ್ಯೂಕ್‌ಗೆ ಐದು. ಇಬ್ಬರೂ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಒಂದೇ ಗುಂಪಿನವರು. ಇದನ್ನು ಎಸಿಸಿ ಎನ್ನುತ್ತಾರೆ. ಹಾಗಾಗಿ ಪ್ರತಿ ವರ್ಷ ಒಬ್ಬರ ಅಂಗಳದಲ್ಲಿ ಒಂದು, ಇನ್ನೊಬ್ಬರ ಅಂಗಳದಲ್ಲಿ ಒಂದು ಪಂದ್ಯ ಖಚಿತ.

ಕೈಯಲ್ಲಿ ಇರಬೇಕಾದದ್ದು

ಎರಡೂ ತಂಡಗಳ ಇತ್ತೀಚಿನ ಐದಾರು ಪಂದ್ಯಗಳ ಬಾಕ್ಸ್ ಸ್ಕೋರ್ ಬೇಕು. ಬಾಕ್ಸ್ ಸ್ಕೋರ್ ಎಂದರೆ ಪ್ರತಿ ಆಟಗಾರನ ಎಸೆತ, ಅಂಕ, ಫೌಲ್, ನಿಮಿಷಗಳ ಪಟ್ಟಿ. ವಿಶ್ವವಿದ್ಯಾಲಯಗಳ ಕ್ರೀಡಾ ತಾಣಗಳಲ್ಲಿ ಉಚಿತವಾಗಿ ಸಿಗುತ್ತದೆ. ಜೊತೆಗೆ ಕೆನ್ ಪೊಮೆರಾಯ್ ಅಥವಾ ಬಾರ್ಟ್ ಟೋರ್ವಿಕ್ ಅವರ ಅಂಕಿಅಂಶ ತಾಣ. ಮೊದಲನೆಯದರಲ್ಲಿ ವಿವರಗಳಿಗೆ ಚಂದಾ ಕಟ್ಟಬೇಕು, ಎರಡನೆಯದು ಉಚಿತ. ಒಂದು ಹಾಳೆ, ಒಂದು ಪೆನ್ನು. ಸ್ಪ್ರೆಡ್‌ಶೀಟ್ ಬೇಡ, ಅದನ್ನು ಅಲಂಕರಿಸುವುದರಲ್ಲೇ ಸಂಜೆ ಕಳೆದುಹೋಗುತ್ತದೆ.

ಹಂತ 1: ನಿಯಮದ ವ್ಯತ್ಯಾಸಗಳನ್ನು ತಲೆಗೆ ಹಾಕಿಕೊಳ್ಳಿ

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡಿ ಬಂದವರು ಎಡವುವುದು ಇಲ್ಲೇ. ಪುರುಷರ ಕಾಲೇಜು ಪಂದ್ಯ ನಾಲ್ಕು ಕಾಲು ಭಾಗಗಳದ್ದಲ್ಲ. 20 ನಿಮಿಷಗಳ ಎರಡು ಅರ್ಧಗಳು. ಒಂದು ತಂಡ ಚೆಂಡು ಸಿಕ್ಕ ಮೇಲೆ 30 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಬೇಕು. ಎನ್‌ಬಿಎಯಲ್ಲಿ ಇದು 24. ಆಟಗಾರನೊಬ್ಬ ಐದನೆಯ ಫೌಲ್‌ಗೆ ಹೊರಬೀಳುತ್ತಾನೆ, ಆರಕ್ಕಲ್ಲ.

ಎದುರಾಳಿ ಒಂದು ಅರ್ಧದಲ್ಲಿ ಏಳನೆಯ ಫೌಲ್ ಮಾಡಿದಾಗ ‘ಒನ್ ಅಂಡ್ ಒನ್’ ಶುರುವಾಗುತ್ತದೆ. ಫ್ರೀ ಥ್ರೋ ಎಂದರೆ ಯಾರೂ ಅಡ್ಡ ಬರದಂತೆ ನಿಂತಲ್ಲಿಂದ ಎಸೆಯುವ ದಂಡದ ಎಸೆತ. ಒನ್ ಅಂಡ್ ಒನ್‌ನಲ್ಲಿ ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು ಸಿಗುತ್ತದೆ. ಹತ್ತನೆಯ ಫೌಲ್‌ನಿಂದ ಎರಡೂ ಖಾಯಂ. ಕೊನೆಗೆ ಹಿಂದಿರುವ ತಂಡ ಗಡಿಯಾರ ನಿಲ್ಲಿಸಲು ಬೇಕೆಂದೇ ಫೌಲ್ ಮಾಡುತ್ತದೆ, ಹಾಗಾಗಿ ಮುನ್ನಡೆಯಲ್ಲಿರುವ ತಂಡದ ಫ್ರೀ ಥ್ರೋ ಕೈ ದುರ್ಬಲವಾಗಿದ್ದರೆ ಕೊನೆಯ ಎರಡು ನಿಮಿಷ ಆ ಅಭಿಮಾನಿಗಳಿಗೆ ಉಸಿರು ಬಿಗಿಹಿಡಿದು ಕೂರುವ ಕಾಲ.

ಮೇಲೆ ಹೇಳಿದ 30 ಸೆಕೆಂಡಿನ ಗಡಿಯಾರದ ನಿಯಮಕ್ಕೂ ಈ ಪೈಪೋಟಿಗೂ ಹಳೆಯ ನಂಟಿದೆ. 1979ರ ಫೆಬ್ರುವರಿಯಲ್ಲಿ ಡರ್ಹಮ್‌ನಲ್ಲಿ ಕ್ಯಾರೊಲಿನಾ ಚೆಂಡನ್ನು ಎಸೆಯದೆ ಸುಮ್ಮನೆ ಹಿಡಿದಾಡಿಸಿತು. ಅರ್ಧ ಸಮಯಕ್ಕೆ ಡ್ಯೂಕ್ 7, ಕ್ಯಾರೊಲಿನಾ ಸೊನ್ನೆ. ಪಂದ್ಯ ಮುಗಿದದ್ದು 47–40ಕ್ಕೆ. ಕಾಲೇಜು ಆಟಕ್ಕೆ ರಾಷ್ಟ್ರಮಟ್ಟದಲ್ಲಿ 45 ಸೆಕೆಂಡಿನ ಗಡಿಯಾರ ಬಂದದ್ದು 1985–86ರಲ್ಲಿ. ಅದು 35ಕ್ಕೆ ಇಳಿದು, 2015–16ರಲ್ಲಿ 30ಕ್ಕೆ ನಿಂತಿತು.

ಹಂತ 2: ಚೆಂಡಿನ ಸರದಿಯನ್ನು ಎಣಿಸಿ

ಇಡೀ ಲೇಖನದಲ್ಲಿ ಒಂದೇ ಹಂತವನ್ನು ಮಾಡುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನು ಮಾಡಿ.

‘ಈ ತಂಡ ಪಂದ್ಯಕ್ಕೆ 85 ಅಂಕ ಹೊಡೆಯುತ್ತದೆ, ಆ ತಂಡ 74 ಮಾತ್ರ’ ಎಂದು ಟಿ.ವಿ.ಯಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಅದರಿಂದ ಏನೂ ತಿಳಿಯುವುದಿಲ್ಲ. ಓಡೋಡಿ ಆಡುವ ತಂಡಕ್ಕೆ ಹೆಚ್ಚು ಅವಕಾಶ ಸಿಗುತ್ತದೆ, ತಾಳ್ಮೆಯಿಂದ ಆಡುವ ತಂಡಕ್ಕೆ ಕಡಿಮೆ. ಎಷ್ಟು ಚೆಂಡು ಎದುರಿಸಿದ ಎಂದು ಹೇಳದೆ ಬ್ಯಾಟರ್‌ನ ರನ್ನು ಮಾತ್ರ ಹೇಳಿದರೆ ನೀವು ಒಪ್ಪುತ್ತೀರಾ? ಇಲ್ಲೂ ಸ್ಟ್ರೈಕ್ ರೇಟ್ ಬೇಕು. ಅದಕ್ಕೆ ಮೊದಲು ‘ಪೊಸೆಷನ್’, ಅಂದರೆ ಚೆಂಡು ಒಂದು ತಂಡದ ವಶಕ್ಕೆ ಬಂದು ಎದುರಾಳಿಗೆ ಹೋಗುವವರೆಗಿನ ಒಂದು ಸರದಿ, ಎಷ್ಟಾಯಿತೆಂದು ತಿಳಿಯಬೇಕು. ಅಂದಹಾಗೆ, ಈ ಬಗೆಯ ಲೆಕ್ಕವನ್ನು ಕಾಲೇಜು ಆಟದಲ್ಲಿ ಬಹಳ ಮೊದಲೇ ಬಳಸಿದವರಲ್ಲಿ ಕ್ಯಾರೊಲಿನಾವನ್ನು 1961ರಿಂದ 1997ರವರೆಗೆ ಮುನ್ನಡೆಸಿದ ತರಬೇತುದಾರ ಡೀನ್ ಸ್ಮಿತ್ ಒಬ್ಬರು. ಡ್ಯೂಕ್ ಅಭಿಮಾನಿಗಳೂ ಅವರ ಲೆಕ್ಕವನ್ನೇ ಮಾಡುತ್ತಿದ್ದಾರೆ ಎಂದು ನೆನಪಿಸಿದರೆ ಕೆಲವರಿಗೆ ಮುಖ ಸಣ್ಣದಾಗುತ್ತದೆ.

ಲೆಕ್ಕ ಹೀಗೆ: ಬುಟ್ಟಿಗೆ ಎಸೆದ ಒಟ್ಟು ಎಸೆತಗಳು, ಅದರಿಂದ ಆಕ್ರಮಣದ ರಿಬೌಂಡ್ ಕಳೆಯಿರಿ, ಟರ್ನೋವರ್ ಸೇರಿಸಿ, ಫ್ರೀ ಥ್ರೋ ಯತ್ನಗಳನ್ನು 0.475ರಿಂದ ಗುಣಿಸಿ ಸೇರಿಸಿ. ಆಕ್ರಮಣದ ರಿಬೌಂಡ್ ಎಂದರೆ ತಾವೇ ಎಸೆದು ತಪ್ಪಿದ ಚೆಂಡನ್ನು ತಾವೇ ಮತ್ತೆ ಹಿಡಿಯುವುದು. ಟರ್ನೋವರ್ ಎಂದರೆ ಎಸೆಯುವ ಮೊದಲೇ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವುದು.

ಒಂದು ಕಲ್ಪಿತ ಉದಾಹರಣೆ. ಎಸೆತ 60, ಆಕ್ರಮಣದ ರಿಬೌಂಡ್ 10, ಟರ್ನೋವರ್ 12, ಫ್ರೀ ಥ್ರೋ ಯತ್ನ 20. ಆಗ 60 − 10 + 12 + 9.5 = 71.5 ಸರದಿ. ತಂಡ 78 ಅಂಕ ಗಳಿಸಿದ್ದರೆ ನೂರು ಸರದಿಗೆ ಸುಮಾರು 109. ಇದೇ ಆ ತಂಡದ ಆಕ್ರಮಣದ ದರ. ಎದುರಾಳಿ ನೂರು ಸರದಿಗೆ ಗಳಿಸಿದ್ದು ಅದರ ರಕ್ಷಣೆಯ ದರ.

ಎಚ್ಚರಿಕೆ: ಈ ಕಚ್ಚಾ ದರವನ್ನೇ ನೇರವಾಗಿ ಹೋಲಿಸಬೇಡಿ. ನವೆಂಬರ್–ಡಿಸೆಂಬರ್‌ನಲ್ಲಿ ದೊಡ್ಡ ತಂಡಗಳು ದುರ್ಬಲ ಎದುರಾಳಿಗಳನ್ನು ಕರೆಸಿ ಚಚ್ಚುತ್ತವೆ. ಆ ಅಂಕಗಳು ಸರಾಸರಿಯನ್ನು ಉಬ್ಬಿಸುತ್ತವೆ. ಮೇಲೆ ಹೇಳಿದ ತಾಣಗಳಲ್ಲಿ ಎದುರಾಳಿಯ ಬಲಕ್ಕೆ ತಕ್ಕಂತೆ ತಿದ್ದಿದ ದರಗಳು ಸಿಗುತ್ತವೆ, ಅವನ್ನೇ ತೆಗೆದುಕೊಳ್ಳಿ.

ಹಂತ 3: ನಾಲ್ಕು ಅಂಶಗಳಲ್ಲಿ ಒಂದನ್ನು ಆರಿಸಿ

ಅಂಕಿಅಂಶ ತಜ್ಞ ಡೀನ್ ಆಲಿವರ್ ಬಾಸ್ಕೆಟ್‌ಬಾಲ್ ಗೆಲುವನ್ನು ನಾಲ್ಕು ಅಂಶಗಳಿಗೆ ಇಳಿಸಿದರು: ಎಸೆತದ ನಿಖರತೆ, ಟರ್ನೋವರ್, ಆಕ್ರಮಣದ ರಿಬೌಂಡ್, ಫ್ರೀ ಥ್ರೋ. ಅವರು ಕೊಟ್ಟ ಅಂದಾಜು ತೂಕ ಕ್ರಮವಾಗಿ ಶೇ. 40, 25, 20, 15.

ನಿಖರತೆಯನ್ನು ಅಳೆಯುವಾಗ ಮೂರಂಕದ ಎಸೆತಕ್ಕೆ, ಅಂದರೆ ದೂರದ ಗೆರೆಯಾಚೆಯಿಂದ ಎಸೆದು ಎರಡರ ಬದಲು ಮೂರು ಅಂಕ ತರುವ ಎಸೆತಕ್ಕೆ, ಒಂದೂವರೆ ಪಟ್ಟು ಬೆಲೆ ಕೊಡಬೇಕು. ನಮ್ಮ ಕಲ್ಪಿತ ತಂಡ 60ರಲ್ಲಿ 27 ಎಸೆತ ಗುರಿ ಮುಟ್ಟಿಸಿತು, ಅದರಲ್ಲಿ 8 ಮೂರಂಕದವು ಎಂದಿಟ್ಟುಕೊಳ್ಳಿ. 27ಕ್ಕೆ 8ರ ಅರ್ಧ ಸೇರಿಸಿ 31. ಅದನ್ನು 60ರಿಂದ ಭಾಗಿಸಿದರೆ ಶೇ. 51.7. ಬರಿಯ 27ನ್ನು ಭಾಗಿಸಿದರೆ ಶೇ. 45 ಎಂದು ಕಾಣುತ್ತದೆ, ತಂಡಕ್ಕೆ ಅನ್ಯಾಯವಾಗುತ್ತದೆ.

ಈಗ ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಒಂದು ತಂಡದ ಆಕ್ರಮಣ, ಬಲಕ್ಕೆ ಇನ್ನೊಂದರ ರಕ್ಷಣೆ. ನಾಲ್ಕೂ ಅಂಶಗಳನ್ನು ಎದುರುಬದುರಾಗಿ ಬರೆಯಿರಿ. ಆಮೇಲೆ ತಂಡಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ. ಒಟ್ಟು ಎಂಟು ಸಾಲು. ಇವುಗಳಲ್ಲಿ ಒಂದು ತಂಡ ತುಂಬ ಚೆನ್ನಾಗಿ ಮಾಡುವ ಕೆಲಸವನ್ನು ಇನ್ನೊಂದು ತಂಡ ತಡೆಯಲಾರದ ಸಾಲು ಯಾವುದು? ಉದಾಹರಣೆಗೆ ಒಬ್ಬರು ತಪ್ಪಿದ ಚೆಂಡುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಮತ್ತೆ ಹಿಡಿಯುತ್ತಾರೆ, ಎದುರಾಳಿಯ ಎತ್ತರದ ಆಟಗಾರರು ರಿಬೌಂಡ್‌ನಲ್ಲಿ ಹಿಂದೆ. ಆ ಸಾಲಿನ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಮುನ್ನೋಟದ ಬೆನ್ನೆಲುಬು ಅದು.

ಇಬ್ಬರೂ ಬಲವಾಗಿರುವ ಸಾಲು ರೋಚಕವಾಗಿ ಕಾಣುತ್ತದೆ, ಪತ್ರಿಕೆಗಳು ಅದರ ಬಗ್ಗೆಯೇ ಬರೆಯುತ್ತವೆ. ಆದರೆ ಅಲ್ಲಿ ಸಾಮಾನ್ಯವಾಗಿ ಸಮಸಮ ಆಗುತ್ತದೆ. ಪಂದ್ಯ ವಾಲುವುದು ಬಲವೂ ದೌರ್ಬಲ್ಯವೂ ಡಿಕ್ಕಿಯಾಗುವ ಕಡೆ.

ಹಂತ 4: ಮೂರಂಕದ ಎಸೆತಕ್ಕೆ ಹೆದರಿ

ಮೂರಂಕದ ಗೆರೆ ಬುಟ್ಟಿಯಿಂದ 6.75 ಮೀಟರ್ ದೂರದಲ್ಲಿದೆ. 2019–20ರಲ್ಲಿ ಹಿಂದಕ್ಕೆ ಸರಿಸಿದರು. ಒಂದು ತಂಡದ ಸರಾಸರಿ ಶೇ. 35 ಎಂದಿರಲಿ, ಪಂದ್ಯಕ್ಕೆ 25 ಎಸೆಯುತ್ತಾರೆ. ಒಂಬತ್ತರ ಹತ್ತಿರ ಬೀಳಬೇಕು. ಆದರೆ ಬರಿಯ ಅದೃಷ್ಟದ ಏರಿಳಿತದಿಂದಲೇ ಒಂದು ದಿನ ಆರು, ಇನ್ನೊಂದು ದಿನ ಹನ್ನೊಂದು ಬೀಳುವುದು ತೀರ ಸಹಜ. ಇವೆರಡರ ನಡುವೆ 15 ಅಂಕಗಳ ಅಂತರ! ಈ ಎರಡು ತಂಡಗಳ ಎಷ್ಟೋ ಪಂದ್ಯಗಳು ಅದರ ಅರ್ಧಕ್ಕಿಂತ ಕಡಿಮೆ ಅಂತರದಲ್ಲಿ ಮುಗಿದಿವೆ.

ಹಾಗಾಗಿ ಕಳೆದ ಮೂರು ಪಂದ್ಯಗಳಲ್ಲಿ ಯಾರೋ ಶೇ. 50ರಂತೆ ಹೊಡೆದರೆಂದು ‘ಅವನ ಕೈ ಕಾದಿದೆ’ ಎಂದು ಬರೆಯಬೇಡಿ. ಇಡೀ ಋತುವಿನ ಸರಾಸರಿ ನೋಡಿ. ಇನ್ನೊಂದು ಸಂಗತಿಯನ್ನು ಪೊಮೆರಾಯ್ ಅವರ ಅಧ್ಯಯನ ತೋರಿಸಿಕೊಟ್ಟಿದೆ: ಎದುರಾಳಿ ಎಷ್ಟು ಮೂರಂಕದ ಎಸೆತ ಎಸೆಯುತ್ತಾನೆ ಎಂಬುದು ರಕ್ಷಣೆಯ ಹಿಡಿತದಲ್ಲಿ ಸಾಕಷ್ಟಿದೆ, ಅವುಗಳಲ್ಲಿ ಎಷ್ಟು ಬೀಳುತ್ತವೆ ಎಂಬುದು ಅಷ್ಟಾಗಿ ಇಲ್ಲ. ಆದ್ದರಿಂದ ರಕ್ಷಣೆಯನ್ನು ತೂಗುವಾಗ ಎದುರಾಳಿಗಳ ಶೇಕಡಾವಾರು ನೋಡಿ ಮೋಸಹೋಗಬೇಡಿ, ಅವರ ಯತ್ನಗಳ ಸಂಖ್ಯೆ ನೋಡಿ.

ಹಂತ 5: ಯಾರ ಅಂಗಳ, ಯಾರು ಆಡುತ್ತಿದ್ದಾರೆ

ತವರು ಅಂಗಳದ ಬೆಲೆ ಕಾಲೇಜು ಆಟದಲ್ಲಿ ಸುಮಾರು ಮೂರು ಅಂಕ. ಡ್ಯೂಕ್‌ನ ಕ್ಯಾಮರನ್ ಒಳಾಂಗಣ ಕ್ರೀಡಾಂಗಣ 1940ರದ್ದು, 9,314 ಜನ ಹಿಡಿಯುತ್ತದೆ. ವಿದ್ಯಾರ್ಥಿಗಳು ಅಂಗಳದ ಅಂಚಿಗೇ ನಿಂತು ಕಿರುಚುತ್ತಾರೆ. ಅಲ್ಲಿಗೆ ಜಾಗ ಹಿಡಿಯಲು ಚಳಿಗಾಲದಲ್ಲಿ ವಾರಗಟ್ಟಲೆ ಟೆಂಟ್ ಹಾಕಿಕೊಂಡು ಮಲಗುವ ಸಂಪ್ರದಾಯವಿದೆ. ಆ ಟೆಂಟುಗಳ ಊರಿಗೆ 1980ರಿಂದ 2022ರವರೆಗೆ ತರಬೇತುದಾರರಾಗಿದ್ದ ಮೈಕ್ ಶಶೆವ್ಸ್ಕಿ ಅವರ ಹೆಸರು. ಟೆಂಟ್ ಪದವಿ ವಿದ್ಯಾರ್ಥಿಗಳಿಗೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಶೈಕ್ಷಣಿಕ ವರ್ಷದ ಆರಂಭದಲ್ಲೇ ವಾರಾಂತ್ಯದ ಬೇರೆ ಶಿಬಿರ ನಡೆಯುತ್ತದೆ, ಅದಕ್ಕೆ ಹೋಗಿ ಲಾಟರಿಯಲ್ಲಿ ಹೆಸರು ಬಂದರೆ ಸೀಸನ್ ಟಿಕೆಟ್. ಮಕ್ಕಳು ಎಂ.ಎಸ್.ಗೆ ಹೋಗಿದ್ದರೆ ಇದನ್ನು ಫೆಬ್ರುವರಿಯಲ್ಲಿ ನೆನಪಿಸಿ ಪ್ರಯೋಜನವಿಲ್ಲ. ಕ್ಯಾರೊಲಿನಾದ ಡೀನ್ ಸ್ಮಿತ್ ಸೆಂಟರ್ 1986ರದ್ದು, ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಆಸನ. ದೊಡ್ಡದು, ಆದರೆ ಸದ್ದು ಕ್ಯಾಮರನ್‌ನಷ್ಟು ಕಿವಿಗೆ ಹತ್ತಿರವಲ್ಲ ಎಂಬುದು ನನ್ನ ಅಭಿಪ್ರಾಯ, ತಿಳಿನೀಲಿಯವರು ಒಪ್ಪಬೇಕಿಲ್ಲ.

ಆಟಗಾರರ ಲಭ್ಯತೆಯನ್ನು ಎರಡು ಬಾರಿ ಪರೀಕ್ಷಿಸಿ: ಹಿಂದಿನ ರಾತ್ರಿ, ಮತ್ತೆ ಪಂದ್ಯಕ್ಕೆ ಸ್ವಲ್ಪ ಮುಂಚೆ. 2025–26ರ ಸಾಲಿನಿಂದ ಎಸಿಸಿಯೇ ಗಾಯಾಳುಗಳ ಪಟ್ಟಿ ಪ್ರಕಟಿಸುವಂತೆ ಮಾಡಿರುವುದರಿಂದ ಗಾಳಿಸುದ್ದಿಗೆ ಕಿವಿಗೊಡುವ ಅಗತ್ಯ ಕಡಿಮೆಯಾಗಿದೆ. ಆದರೂ ಪಟ್ಟಿ ಎಲ್ಲವನ್ನೂ ಹೇಳದು. 2019ರ ಫೆಬ್ರುವರಿ 20ರಂದು ದೇಶವೇ ನೋಡಲು ಕಾದಿದ್ದ ಡ್ಯೂಕ್‌ನ ಝಯಾನ್ ವಿಲಿಯಮ್ಸನ್ ಪಂದ್ಯ ಶುರುವಾಗಿ 36 ಸೆಕೆಂಡಿಗೇ ಶೂ ಹರಿದು, ಮೊಣಕಾಲು ಉಳುಕಿ ಹೊರನಡೆದರು. ಕ್ಯಾರೊಲಿನಾ 88–72ರಲ್ಲಿ ಗೆದ್ದಿತು. ಹಾಗೆಂದು ತಾರೆ ಇಲ್ಲದಿದ್ದರೆ ಸೋಲು ಖಚಿತವೂ ಅಲ್ಲ: 2025ರ ಎಸಿಸಿ ಟೂರ್ನಿಯ ಸೆಮಿಫೈನಲ್‌ನಲ್ಲಿ ಗಾಯಗೊಂಡಿದ್ದ ಕೂಪರ್ ಫ್ಲ್ಯಾಗ್ ಇಲ್ಲದೆಯೇ ಡ್ಯೂಕ್ 74–71ರಲ್ಲಿ ಕ್ಯಾರೊಲಿನಾವನ್ನು ಮಣಿಸಿತು. ಅದರಲ್ಲೂ ಕೊನೆಯ ಸೆಕೆಂಡುಗಳಲ್ಲಿ ಕ್ಯಾರೊಲಿನಾದ ಸಮಬಲದ ಫ್ರೀ ಥ್ರೋ ಬುಟ್ಟಿಗೆ ಬಿದ್ದರೂ, ಸಹ ಆಟಗಾರನೊಬ್ಬ ಅವಸರಪಟ್ಟು ಗೆರೆ ದಾಟಿದ್ದರಿಂದ ರದ್ದಾಯಿತು. ಇಂಥದ್ದನ್ನು ಯಾವ ಮುನ್ನೋಟವೂ ಹಿಡಿಯದು.

ಒಬ್ಬ ಆಟಗಾರ ಇಲ್ಲದಿದ್ದರೆ ಅವನ ಸರಾಸರಿ ಅಂಕವನ್ನು ತಂಡದ ಮೊತ್ತದಿಂದ ಕಳೆಯುವುದು ಬಹು ಸಾಮಾನ್ಯ ತಪ್ಪು. ಅವನ ನಿಮಿಷಗಳನ್ನು ಬೇರೊಬ್ಬ ಆಡುತ್ತಾನೆ, ಅವನ ಎಸೆತಗಳನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಬದಲಿಗೆ ಬರುವವನು ಯಾರು, ಅವನು ಫೌಲ್ ಮಾಡುವ ಜಾತಿಯವನೇ ಎಂದು ನೋಡಿ. ಮೊದಲರ್ಧದಲ್ಲೇ ಎರಡು ಫೌಲ್ ಆದವನನ್ನು ಬಹುತೇಕ ತರಬೇತುದಾರರು ಬೆಂಚಿಗೆ ಕಳಿಸುತ್ತಾರೆ. ಆಗ ಮೂರನೆಯ ಆಯ್ಕೆಯ ಹುಡುಗ ಅಂಗಳದಲ್ಲಿರುತ್ತಾನೆ.

ಹಂತ 6: ಅಂದಾಜಿನ ಅಂತರ

ಸೂತ್ರ ಸರಳ. ತಂಡದ ತಿದ್ದಿದ ಆಕ್ರಮಣ ದರಕ್ಕೆ ಎದುರಾಳಿಯ ತಿದ್ದಿದ ರಕ್ಷಣೆ ದರ ಕೂಡಿಸಿ, ರಾಷ್ಟ್ರೀಯ ಸರಾಸರಿ ಕಳೆಯಿರಿ. ಕಲ್ಪಿತ ಅಂಕೆಗಳು: ‘ಅ’ ತಂಡದ ಆಕ್ರಮಣ 118, ರಕ್ಷಣೆ 97, ‘ಬ’ ತಂಡದ ಆಕ್ರಮಣ 114, ರಕ್ಷಣೆ 95, ಸರಾಸರಿ 105. ಆಗ ‘ಅ’ಗೆ 108, ‘ಬ’ಗೆ 106. ನೂರು ಸರದಿಗೆ ಎರಡು ಅಂಕ ಅಂತರ. ಪಂದ್ಯದಲ್ಲಿ 70ರ ಹತ್ತಿರ ಸರದಿ ಇರುತ್ತದೆಂದರೆ ‘ಅ’ ಒಂದೂವರೆ ಅಂಕಕ್ಕೂ ಕಡಿಮೆ ಮುಂದಿದೆ. ಪಂದ್ಯ ‘ಬ’ ತಂಡದ ಅಂಗಳದಲ್ಲಾದರೆ ಮೂರು ಅಂಕ ಅದಕ್ಕೆ ಸೇರಿಸಿ. ಲೆಕ್ಕ ತಲೆಕೆಳಗಾಗಿ ‘ಬ’ ಒಂದೂವರೆ ಮುಂದೆ.

ಒಂದೂವರೆ ಅಂಕ ಎಂದರೆ ಸರಿಸುಮಾರು ನಾಣ್ಯ ಚಿಮ್ಮಿದಂತೆ. ‘ಬ ಗೆಲ್ಲುತ್ತದೆ’ ಎಂದು ಮೇಜು ಕುಟ್ಟಬೇಡಿ.

ಹಂತ 7: ಇವನ್ನು ಪಕ್ಕಕ್ಕಿಡಿ

ಪತ್ರಕರ್ತರ ಮತದಿಂದ ಬರುವ ಎಪಿ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ) ಅಗ್ರ 25ರ ಪಟ್ಟಿ ಅಭಿಪ್ರಾಯ, ಅಳತೆಯಲ್ಲ. 2022ರ ಮಾರ್ಚ್ 5ರಂದು ಶಶೆವ್ಸ್ಕಿ ಅವರ ಕೊನೆಯ ತವರು ಪಂದ್ಯ. ಡ್ಯೂಕ್ ನಾಲ್ಕನೆಯ ಸ್ಥಾನದಲ್ಲಿತ್ತು, ಕ್ಯಾರೊಲಿನಾ ಪಟ್ಟಿಯಲ್ಲೇ ಇರಲಿಲ್ಲ. ಬೀಳ್ಕೊಡುಗೆ ಸಮಾರಂಭಕ್ಕೆ ಎಲ್ಲ ಸಿದ್ಧವಾಗಿತ್ತು. ಕ್ಯಾರೊಲಿನಾ 94–81ರಲ್ಲಿ ಗೆದ್ದುಹೋಯಿತು. ಒಂದು ತಿಂಗಳೊಳಗೆ ರಾಷ್ಟ್ರೀಯ ಟೂರ್ನಿಯಲ್ಲಿ ಇವರಿಬ್ಬರೂ ಇತಿಹಾಸದಲ್ಲೇ ಮೊದಲ ಬಾರಿ ಎದುರಾದಾಗ, ನ್ಯೂ ಆರ್ಲಿಯನ್ಸ್‌ನ ಸೆಮಿಫೈನಲ್‌ನಲ್ಲಿ 81–77ರಿಂದ ಗೆದ್ದವರೂ ಅವರೇ.

ಹಳೆಯ ಪಂದ್ಯಗಳ ಕಥೆಗಳನ್ನು ಸವಿಯಿರಿ, ಲೆಕ್ಕಕ್ಕೆ ಸೇರಿಸಬೇಡಿ. 1974ರಲ್ಲಿ ಕ್ಯಾರೊಲಿನಾ 17 ಸೆಕೆಂಡು ಉಳಿದಿರುವಾಗ ಎಂಟು ಅಂಕ ಹಿಂದಿದ್ದು, ಮೂರಂಕದ ಎಸೆತವೇ ಇಲ್ಲದ ಕಾಲದಲ್ಲಿ ಸಮಬಲ ಸಾಧಿಸಿ ಹೆಚ್ಚುವರಿ ಅವಧಿಯಲ್ಲಿ ಗೆದ್ದಿತು. 2012ರಲ್ಲಿ ಆಸ್ಟಿನ್ ರಿವರ್ಸ್ ಕೊನೆಯ ಕ್ಷಣದಲ್ಲಿ ಎಸೆದ ಮೂರಂಕದಿಂದ ಡ್ಯೂಕ್ 85–84ರಲ್ಲಿ ಚಾಪೆಲ್ ಹಿಲ್ ಜನರ ಬಾಯಿ ಮುಚ್ಚಿಸಿತು. ರಾತ್ರಿಯಿಡೀ ಹೇಳಿದರೂ ಮುಗಿಯದ ಕಥೆಗಳು. ಆದರೆ ಆ ಹುಡುಗರು ಯಾರೂ ಈಗ ಆಡುತ್ತಿಲ್ಲ. ಕಳೆದ ವರ್ಷದವರೇ ಎಷ್ಟು ಮಂದಿ ಉಳಿದಿದ್ದಾರೆ? ಒಂದೇ ವರ್ಷ ಓದಿ ಎನ್‌ಬಿಎಗೆ ಜಿಗಿಯುವ ಪ್ರತಿಭಾವಂತರು ಒಂದು ಕಡೆ. ‘ಟ್ರಾನ್ಸ್‌ಫರ್ ಪೋರ್ಟಲ್’ ಇನ್ನೊಂದು ಕಡೆ. ಇದು ಆಟಗಾರರು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗಲು ಹೆಸರು ನೋಂದಾಯಿಸುವ ವ್ಯವಸ್ಥೆ. 2021ರಿಂದ ಹೋದ ಕೂಡಲೇ ಆಡಲೂ ಅವಕಾಶವಿದೆ. ಅಂಗಿಯ ಬಣ್ಣ ಅದೇ, ಒಳಗಿರುವವರು ಹೊಸಬರು.

ಅದೇ ಋತುವಿನ ಮೊದಲ ಮುಖಾಮುಖಿ ಮಾತ್ರ ಬೇರೆ. ಮಾರ್ಚ್‌ನ ಎರಡನೆಯ ಪಂದ್ಯಕ್ಕೆ ಮುನ್ನೋಟ ಬರೆಯುತ್ತಿದ್ದರೆ ಫೆಬ್ರುವರಿಯ ಬಾಕ್ಸ್ ಸ್ಕೋರನ್ನೂ ಪಂದ್ಯದ ವಿಡಿಯೊವನ್ನೂ ಮೊದಲು ತೆರೆಯಿರಿ. ಯಾರು ಗೆದ್ದರು ಎಂಬುದನ್ನು ಬಿಟ್ಟು, ಯಾರು ಯಾರನ್ನು ಕಾಯುತ್ತಿದ್ದರು, ಯಾವ ಐವರು ಒಟ್ಟಿಗೆ ಆಡಿದಾಗ ಅಂತರ ಬೆಳೆಯಿತು ಎಂದು ನೋಡಿ.

ಹಂತ 8: ಐದು ಸಾಲಿನಲ್ಲಿ ಬರೆಯಿರಿ, ಪಂದ್ಯಕ್ಕೆ ಮೊದಲೇ

ಒಂದು: ನೀವು ಗೆರೆ ಎಳೆದ ಆ ಒಂದು ಸಾಲು. ಎರಡು: ಅಂದಾಜಿನ ಅಂತರ. ಮೂರು: ಯಾವ ಬದಲಿ ಆಟಗಾರನ ಮೇಲೆ ಕಣ್ಣಿಡಬೇಕು. ನಾಲ್ಕು: ಎರಡೂ ತಂಡಗಳ ಫ್ರೀ ಥ್ರೋ ಶೇಕಡಾವಾರು. ಐದು: ಏನಾದರೆ ನಿಮ್ಮ ಅಂದಾಜು ಸುಳ್ಳಾಗುತ್ತದೆ. ಐದನೆಯದನ್ನು ಜನ ಬಿಟ್ಟುಬಿಡುತ್ತಾರೆ, ಏಕೆಂದರೆ ಅದನ್ನು ಬರೆಯಲು ತಮ್ಮ ತಂಡದ ಹುಳುಕನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಅದಿಲ್ಲದ ಮುನ್ನೋಟ ಜಯಕಾರವಷ್ಟೇ. ಬರೆದದ್ದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಆಮೇಲೆ ‘ನಾನು ಅವತ್ತೇ ಹೇಳಿದ್ದೆ’ ಎಂದು ಯಾರೂ ಜಾರಿಕೊಳ್ಳುವಂತಿಲ್ಲ, ನೀವೂ ಸೇರಿ.

ಭಾರತದಲ್ಲಿ ಕುಳಿತು ನೋಡುವವರಿಗೆ ಸಮಯದ ಲೆಕ್ಕ: ಚಳಿಗಾಲದಲ್ಲಿ ಅಲ್ಲಿಯ ಸಮಯಕ್ಕೆ ಹತ್ತೂವರೆ ಗಂಟೆ ಕೂಡಿಸಿ. ಅಲ್ಲಿ ಶನಿವಾರ ಸಂಜೆ 6.30 ಎಂದರೆ ನಮಗೆ ಭಾನುವಾರ ಬೆಳಗಿನ 5. ಮಾರ್ಚ್‌ನ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಒಂಬತ್ತೂವರೆ ಗಂಟೆ. ಎಸಿಸಿ ಟೂರ್ನಿ ಈ ದಿನದ ಆಚೀಚೆಯೇ ಬರುವುದರಿಂದ ಅಲಾರಂ ಇಡುವ ಮೊದಲು ಕ್ಯಾಲೆಂಡರ್ ನೋಡಿ.

ಹಂತ 9: ಮರುದಿನ

ಸ್ಕೋರ್ ನೋಡಿ ಹಾಳೆ ಹರಿದುಹಾಕಬೇಡಿ. ಬಾಕ್ಸ್ ಸ್ಕೋರ್ ತೆಗೆದು ನೀವು ಗೆರೆ ಎಳೆದ ಸಾಲಿನಲ್ಲಿ ಏನಾಯಿತೆಂದು ನೋಡಿ. ರಿಬೌಂಡ್‌ನಲ್ಲಿ ನೀವು ಹೇಳಿದಂತೆಯೇ ಆಗಿ, ಎದುರಾಳಿ 25ಕ್ಕೆ 13 ಮೂರಂಕ ಹೊಡೆದು ಗೆದ್ದಿದ್ದರೆ ನಿಮ್ಮ ಓದು ಸರಿ, ದಿನ ಅವರದು. ರಿಬೌಂಡ್‌ನಲ್ಲೇ ತಲೆಕೆಳಗಾಗಿದ್ದರೆ, ನೀವು ಗೆದ್ದಿದ್ದರೂ ಓದು ತಪ್ಪು. ಯಾವ ಆಟಗಾರ ಎಷ್ಟು ನಿಮಿಷ ಆಡಿದ ಎಂಬ ಅಂಕಣದಿಂದ ಹುಡುಕಲು ಶುರುಮಾಡಿ.